ತಾತ ಬಿಟ್ಟು ಓದಿದ ಅರ್ಥ

ಇವತ್ತು ಬೆಳಗಿನಿಂದ ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಹಾಲಿನ ಪ್ಯಾಕೆಟ್ ಒಳಗಿಟ್ಟೆ. ಬಾಗಿಲಿಗೆ ನೀರು ಹಾಕಿ, ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಹಿಡಿಸುವಷ್ಟೇ ಚಿಕ್ಕ ರಂಗೋಲಿ ಎಳೆದೆ. ವಿಶಾಲು ಅತ್ತೆಯ ಬಲಗಣ್ಣಿಗೆ ಆರು ಗಂಟೆಯ ಹನಿ ಹಾಕಿದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿದೆ. ನಿನ್ನೆ ಒಗೆದ ಎರಡು ಸೀರೆ ಮಡಚಿದೆ. ಒಂದರ ಅಂಚು ಬಿಟ್ಟಿತ್ತು, ಹೊಲಿದೆ. ತಳ್ಳುಗಾಡಿಯವನ ಹತ್ತಿರ ಹೀರೇಕಾಯಿ ತೆಗೆದುಕೊಂಡು, ಕಹಿ ಇದ್ದೀತೆಂದು ಒಂದೊಂದರದ್ದೂ ತುದಿ ಕಚ್ಚಿ ನೋಡಿದೆ. ಗ್ಯಾಸ್ ಬುಕ್ ಮಾಡಿದೆ. ಹತ್ತು ಗಂಟೆಯ ಹನಿ ಹಾಕಿದೆ. ಹೆಸರುಬೇಳೆ ತೊಳೆದು ಕುಕ್ಕರಿಗಿಟ್ಟೆ. ಅತ್ತೆಗೆ ಪೇಪರ್ ಓದಿದೆ. ಆಮೇಲೆ, ನಲವತ್ತೈದು ವರ್ಷದಿಂದ ಮಾಡದೆ ಉಳಿಸಿಕೊಂಡಿದ್ದ ಒಂದು ಕೆಲಸವನ್ನೂ ಮಾಡಿದೆ. ಅದು ಏನೆಂದು ಹೇಳಬೇಕಾದರೆ ಮೊದಲು ಬಸವನಗುಡಿಯ ಈ ಎರಡನೇ ಮಹಡಿಯಿಂದ ಇಳಿದು, ಚಾಮರಾಜಪೇಟೆಯ ಆ ಮನೆಯೊಳಕ್ಕೆ ಹೋಗಬೇಕು.

ಅದು ಮುಂಭಾಗ ಇಕ್ಕಟ್ಟು, ಒಳಗೆ ಉದ್ದ. ಬೀದಿಗೆ ಮರದ ಸರಳು ಹಾಕಿದ ಜಗಲಿ, ಆಮೇಲೆ ಹಾಲು, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಂಡೆಯಿದ್ದ ಬಚ್ಚಲು. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದರಿಂದ ನಡುಮನೆಗೆ ಕಿಟಕಿಯೇ ಇರಲಿಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಿಗ್ಗೆ ಏಳರ ಸುಮಾರಿಗೆ ಆ ಗಾಜಿನಿಂದ ಒಂದು ಚೌಕ ಬೆಳಕು ಬಿದ್ದು, ನೆಲದ ಮೇಲೆ ಮೆಲ್ಲಗೆ ಸರಿಯುತ್ತ ಹೋಗುತ್ತಿತ್ತು. ಆ ಬೆಳಕು ಬೀಳುವ ಜಾಗದಲ್ಲೇ ತಾತ ತಮ್ಮ ಇಂಗ್ಲಿಷ್ ನಿಘಂಟನ್ನು ಇಟ್ಟಿದ್ದರು. ಪುರಾಣ ಓದುವ ವ್ಯಾಸಪೀಠದ ಮೇಲೆ, ಅಜ್ಜಿಯ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ. ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದರು. ನಿಘಂಟನ್ನು ತಾತನ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ. ದೇವರ ಪೆಟ್ಟಿಗೆಯನ್ನಾದರೂ ಸ್ನಾನ ಮಾಡಿದರೆ ಮುಟ್ಟಬಹುದಿತ್ತು.

ತಾತ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಸ್ಕೂಲು ಬಿಟ್ಟಿತು, ಪಾಠ ಬಿಡಲಿಲ್ಲ. ಅಣ್ಣ ರಮೇಶನೂ ನಾನೂ ಏಳು ಗಂಟೆಗೆ ಸ್ನಾನ ಮುಗಿಸಿ ಮಣೆ ಹಾಕಿಕೊಂಡು ಕೂರಬೇಕು. ಹಿಂದಿನ ದಿನವೇ ತಾತ ಒಂದು ಪದ ಕೊಟ್ಟಿರುತ್ತಿದ್ದರು. ಅದರ ಅರ್ಥಗಳನ್ನು ನಾವೇ ಯೋಚಿಸಿ ಹೇಳಬೇಕು, ವಾಕ್ಯದಲ್ಲಿ ಉಪಯೋಗಿಸಬೇಕು, ಆಮೇಲೆ ಅವರು ಪದದ ಮೂಲ ಹೇಳುತ್ತಿದ್ದರು. ತಪ್ಪಿದರೆ ಹೊಡೆತವಿಲ್ಲ. ಹೆಸರು ಹೋಗುತ್ತಿತ್ತು. ಸಂಜೆ ಸರಿಯಾಗಿ ಒಪ್ಪಿಸುವವರೆಗೆ ಮನೆಯಲ್ಲಿ ಯಾರೂ ನಮ್ಮನ್ನು ನಮ್ಮ ಹೆಸರಿನಿಂದ ಕರೆಯುವಂತಿಲ್ಲ, ಆ ಪದದಿಂದಲೇ ಕರೆಯಬೇಕು. ಅಮ್ಮ ಊಟಕ್ಕೆ ಕರೆದರೂ ಹಾಗೆಯೇ. ಹೊಡೆತವಾದರೆ ಒಂದು ಗಳಿಗೆ. ಇದು ಸಂಜೆಯ ತನಕ ಉರಿಯುತ್ತಿತ್ತು. ಅಣ್ಣನ ಹೆಸರು ತಿಂಗಳಿಗೊಮ್ಮೆ ಹೋದರೆ ನನ್ನದು ವಾರಕ್ಕೆರಡು ಸಲ ಹೋಗುತ್ತಿತ್ತು.

ಪಾಠ ನಡೆಯುವಾಗ ಅಡುಗೆಮನೆಯ ಬಾಗಿಲ ಹಿಂದೆ ಇನ್ನೊಬ್ಬ ವಿದ್ಯಾರ್ಥಿನಿ ಇರುತ್ತಿದ್ದಳು. ಅಪ್ಪನ ತಂಗಿ, ನನ್ನ ವಿಶಾಲು ಅತ್ತೆ. ಈಳಿಗೆ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತ, ತಾತ ಕೇಳಿದ ಪ್ರಶ್ನೆಗೆ ತುಟಿಯಲ್ಲೇ ಉತ್ತರ ಹೇಳುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಅವಳ ಸ್ಕೂಲಿಗೇ ಇಂಗ್ಲಿಷಿನಲ್ಲಿ ಹೆಚ್ಚು ನಂಬರು ಅವಳದೇ ಅಂತೆ. ಮುಂದೆ ಕಾಲೇಜಿಗೆ ತಾತ ಕಳಿಸಲಿಲ್ಲ. ಅವಳ ಎಡಗಣ್ಣು ಮಾಲುಗಣ್ಣು. ಎದುರಿಗಿರುವವರನ್ನು ಬಿಟ್ಟು ಯಾವಾಗಲೂ ಸ್ವಲ್ಪ ಪಕ್ಕಕ್ಕೆ ನೋಡುತ್ತಿತ್ತು. ಅಂಥವಳಿಗೆ ವಿಶಾಲಾಕ್ಷಿ ಎಂದು ಹೆಸರು. ‘ಕಾಲೇಜಿನಲ್ಲಿ ಹುಡುಗರು ಇವಳ ಮೇಲೆ ಹಾಡು ಕಟ್ತಾರೆ’ ಎಂದು ತಾತ ಹೇಳಿದ್ದರಂತೆ. ಹಾಡು ಮನೆಯಲ್ಲೇ ಕಟ್ಟುತ್ತಿದ್ದರು, ಅದು ಬೇರೆ ಮಾತು. ನನಗೆ ಜಡೆ ಹಾಕುವವಳು, ಲಂಗದ ಅಂಚು ಹೊಲಿಯುವವಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗುವವಳು ಅವಳೇ. ಅಮ್ಮನಿಗಿಂತ ಹೆಚ್ಚು ನಾನು ಅವಳಿಗೆ ಅಂಟಿಕೊಂಡಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನನಗೆ ಹನ್ನೊಂದು, ಅತ್ತೆಗೆ ಮೂವತ್ತೊಂದು ಆಗಿದ್ದಾಗಿನ ಮಾತು. ಒಂದು ವಾರ ತಾತ ಬರೀ ನೋಡುವ ಪದಗಳನ್ನೇ ಕೊಟ್ಟರು. ಗ್ಲಾನ್ಸ್, ಪೀಪ್, ಸ್ಟೇರ್. ನಾಲ್ಕನೆಯ ದಿನದ ಪದ ಸ್ಕ್ವಿಂಟ್. ಅಣ್ಣ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮಗೆ ಗೊತ್ತಿತ್ತು, ಹೇಳುವುದಕ್ಕೆ ಬಾಯಿ ಬರಲಿಲ್ಲ. ತಾತ ಅಡುಗೆಮನೆಯ ಕಡೆ ತಿರುಗಿದರು.

“ವಿಶಾಲೂ, ಸ್ವಲ್ಪ ಹೊರಗೆ ಬಾ.”

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಬೆಳಕಿಗೆ ಬಾ. ಹಾಂ, ಅಲ್ಲೇ ನಿಲ್ಲು. ಮುಖ ಎತ್ತು. ಮಕ್ಕಳೇ, ನೋಡ್ಕೊಳಿ, ಇದು ಸ್ಕ್ವಿಂಟ್. ಇನ್ನು ಮರೆಯಲ್ಲ ನೀವು.”

ಅತ್ತೆ ಗಾಜಿನ ಹೆಂಚಿನ ಕೆಳಗೆ ಮುಖವೆತ್ತಿ ನಿಂತಿದ್ದಳು. ಬಲಗಣ್ಣು ತಾತನನ್ನು ನೋಡುತ್ತಿತ್ತು, ಎಡಗಣ್ಣು ನಿಘಂಟನ್ನು.

“ಆಯ್ತಾ ಅಪ್ಪಾ? ಒಲೆ ಮೇಲೆ ಒಗ್ಗರಣೆ ಇಟ್ಟಿದೀನಿ.”

“ಆಯ್ತು, ಹೋಗು.”

ಮರುದಿನದ ಪದ ಓವರ್‌ಲುಕ್. ನನಗೆ ಸುಲಭವೆನಿಸಿತು. ಓವರ್ ಅಂದರೆ ಪೂರ್ತಿ, ಲುಕ್ ಅಂದರೆ ನೋಡು. ಪೂರ್ತಿ ನೋಡೋದು, ಚೆನ್ನಾಗಿ ಪರೀಕ್ಷೆ ಮಾಡಿ ನೋಡೋದು ಅಂದೆ. ತಾತ ಕನ್ನಡಕ ತೆಗೆದು ನಕ್ಕರು.

“ಪೂರ್ತಿ ನೋಡೋದಂತೆ. ಹಾಗಾದ್ರೆ ಓವರ್‌ಕೋಟ್ ಅಂದ್ರೆ ಪೂರ್ತಿ ಕೋಟು, ಉಳಿದಿದ್ದೆಲ್ಲ ಅರ್ಧ ಕೋಟಾ? ಹೋಯ್ತು ನಿನ್ನ ಹೆಸರು. ಬರ್ಕೋ.”

ಅವರು ಬರೆಸಿದ್ದು ಐದು ಅರ್ಥ. ಎತ್ತರದಿಂದ ಕೆಳಗೆ ನೋಡುವುದು, ಮಹಡಿಯ ಕಿಟಕಿ ಬೀದಿಯನ್ನು ನೋಡುವ ಹಾಗೆ. ಮೇಲ್ವಿಚಾರಣೆ ಮಾಡುವುದು. ಕಣ್ಣಿಗೆ ಬೀಳದೆ ಬಿಟ್ಟುಹೋಗುವುದು. ಕಂಡ ತಪ್ಪನ್ನು ಕಾಣದ ಹಾಗೆ ಬಿಟ್ಟುಬಿಡುವುದು, ಅಂದರೆ ಕ್ಷಮಿಸುವುದು. ಕೊನೆಯದನ್ನು ತಾತ ಮಿಠಾಯಿ ಕೊಡುವವರ ಹಾಗೆ ಕೊಟ್ಟರು: ಇಂಗ್ಲೆಂಡಿನ ಹಳ್ಳಿಗಳಲ್ಲಿ, ಮಗುವಿಗೋ ಹಸುವಿಗೋ ಕೆಟ್ಟ ಕಣ್ಣು ತಗುಲಿದರೆ ‘ಓವರ್‌ಲುಕ್’ ಆಗಿದೆ ಅನ್ನುತ್ತಿದ್ದರಂತೆ. ನಮ್ಮ ದೃಷ್ಟಿಯೇ. ಮೂಲ ಕೇಳಿದಾಗ ಮಾತ್ರ ಅವರ ಮುಖ ಹುಳಿಯಾಯಿತು. ಓವರ್ ಎಂಬುದು ತುಂಬ ಹಿಂದಿನಿಂದ ಬಂದದ್ದು, ಅದಕ್ಕೆ ದೂರದೂರದ ನೆಂಟರಿದ್ದಾರೆ. ಲುಕ್ ಎಂಬುದರ ಜಾಡು ಮಾತ್ರ ಹಳೆಯ ಇಂಗ್ಲಿಷಿನಾಚೆ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಅದಕ್ಕೂ ಹಿಂದಿನದು ತಿಳಿಯದು ಎಂದು ನಿಘಂಟಿನವರೇ ಕೈ ಚೆಲ್ಲಿದ್ದಾರೆ. ಮೂಲ ಗೊತ್ತಿಲ್ಲದ ಪದವನ್ನೂ ಮೂಲ ಗೊತ್ತಿಲ್ಲದ ಸಂಬಂಧವನ್ನೂ ತಾತ ಒಂದೇ ರೀತಿ ನೋಡುತ್ತಿದ್ದರು.

ಆವತ್ತು ತಿಂಡಿ ಉಪ್ಪಿಟ್ಟು. ನಾನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ. ಅತ್ತೆ ಬಾಣಲೆ ಹಿಡಿದುಕೊಂಡು ಬಂದಳು.

“ಯಾರದು ಅಲ್ಲಿ ಮೂಲೇಲಿ ಕೂತಿರೋದು? ಓವರ್‌ಲುಕ್ಕಮ್ಮನಾ? ತಟ್ಟೆ ತಗೊಂಡ್ಬಾಮ್ಮಾ ಓವರ್‌ಲುಕ್ಕಮ್ಮಾ, ಗೋಡಂಬಿ ಪೂರ್ತಿ ನೋಡಿ ಹಾಕ್ತೀನಿ.”

ಅಣ್ಣ ನಕ್ಕ, ಅಪ್ಪ ನಕ್ಕರು, ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಎಲ್ಲರಿಗಿಂತ ಹೆಚ್ಚು ನಕ್ಕವರು ತಾತ. ನಕ್ಕು, ಅತ್ತೆಯ ಕಡೆ ತಿರುಗಿ “ಭೇಷ್” ಅಂದರು. ಅತ್ತೆಯ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವಳ ಮಾತಿಗೆ ತಾತ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನ ದಿನ ಬೆಳಕಿಗೆ ನಿಲ್ಲಿಸಿಕೊಂಡವಳು, ಆವತ್ತು ನಗುವವರ ಸಾಲಿನಲ್ಲಿ ನಿಂತಿದ್ದಳು. ಈಗ ಯೋಚಿಸಿದರೆ ಅವಳಿಗೆ ಅದು ಎಷ್ಟು ಬೇಕಾಗಿತ್ತು ಎಂದು ತಿಳಿಯುತ್ತದೆ. ಹನ್ನೊಂದು ವರ್ಷದವಳಿಗೆ ತಿಳಿಯಲಿಲ್ಲ. ಅಣ್ಣ ಆ ಹೆಸರನ್ನು ಬೀದಿಗೆ ಒಯ್ದ, ಬೀದಿಯ ಹುಡುಗಿಯರು ಸ್ಕೂಲಿಗೆ ಒಯ್ದರು. ಸಂಜೆ ಐದು ಅರ್ಥವನ್ನೂ ತಪ್ಪಿಲ್ಲದೆ ಒಪ್ಪಿಸಿದೆ. ಮನೆಯಲ್ಲಿ ಹೆಸರು ವಾಪಸು ಬಂತು, ಸ್ಕೂಲಿನಲ್ಲಿ ಬರಲಿಲ್ಲ. ಅಮ್ಮನೂ ಅಪ್ಪನೂ ನಕ್ಕದ್ದನ್ನು ಎರಡೇ ದಿನದಲ್ಲಿ ಮರೆತೆ. ಅತ್ತೆ ನಕ್ಕದ್ದನ್ನು ಮಾತ್ರ ಬಿಡಲಾಗಲಿಲ್ಲ.

ಅದೇ ವಾರ ವೈಯಾಲಿಕಾವಲ್‌ನಿಂದ ಒಂದು ಕಾಗದ ಬಂತು. ಅತ್ತೆಗೆ ಒಂದು ಸಂಬಂಧ. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಮೂವತ್ತೆಂಟು, ಮೊದಲ ಹೆಂಡತಿ ಹೋಗಿ ಮೂರು ವರ್ಷ, ಮಕ್ಕಳಿಲ್ಲ. ಕಾಗದ ಬರೆದವರು ಹುಡುಗನ ತಂದೆ, ನಿವೃತ್ತ ಅಧಿಕಾರಿ. ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದರು. ಅದುವರೆಗೆ ಆರು ಮನೆಯವರು ಬಂದು ಅತ್ತೆಯನ್ನು ನೋಡಿ ಹೋಗಿದ್ದರು, ಇದು ಏಳನೆಯದು. ‘ಇವಳ ಕಾಗದಗಳಿಗೆ ಉತ್ತರ ಬರೆದೂ ಬರೆದೂ ನನ್ನ ಇಂಗ್ಲಿಷ್ ಹಾಳಾಯ್ತು’ ಎಂದು ತಾತ ಕಾಗದವನ್ನು ಅಪ್ಪನ ಕಡೆ ತಳ್ಳಿದರು. ಅಪ್ಪನ ಆಫೀಸಿನಲ್ಲಿ ಆಡಿಟ್ ನಡೆಯುತ್ತಿತ್ತು. “ವಿಶಾಲು, ನೀನೇ ಬರೆದಿಡೇ, ಬೆಳಿಗ್ಗೆ ಸಹಿ ಹಾಕ್ತೀನಿ” ಅಂದರು. ತನ್ನನ್ನು ನೋಡಲು ಬನ್ನಿ ಎಂಬ ಕಾಗದವನ್ನು ಅತ್ತೆ ತಾನೇ ಬರೆಯಲು ಕೂತದ್ದು ಹೀಗೆ.

ಸಂಜೆ ಅಡುಗೆಮನೆಯಲ್ಲಿ ನಾವಿಬ್ಬರೇ. ಅತ್ತೆ ನನ್ನ ರೂಲ್ಡ್ ನೋಟುಬುಕ್ಕಿನ ಹಾಳೆಯಲ್ಲಿ ಕರಡು ಮಾಡುತ್ತಿದ್ದಳು.

“ಬಂದು ನಮ್ಮ ಹುಡುಗೀನ ನೋಡಿ ಅನ್ನೋದಕ್ಕೆ ಏನು ಹಾಕಲೇ ನಳಿನಿ? ‘ಸೀ ಅವರ್ ಗರ್ಲ್’ ಅಂದ್ರೆ ಸಿನಿಮಾ ನೋಡೋಕೆ ಬನ್ನಿ ಅಂದಂಗಿರತ್ತೆ. ಒಂದು ಗೌರವದ ಪದ ಹೇಳೇ.”

ನಾನು ಯೋಚಿಸಲಿಲ್ಲ. ಅದು ನಾಲಿಗೆಯ ತುದಿಯಲ್ಲೇ ಕಾಯುತ್ತಿತ್ತು.

“ಓವರ್‌ಲುಕ್.”

“ಏ, ಅದು ನೀನು ತಪ್ಪು ಹೇಳಿ ಹೆಸರು ಕಳ್ಕೊಂಡ ಪದ ಅಲ್ವೇನೆ?”

“ನಾನು ಹೇಳಿದ್ದು ತಪ್ಪು. ಆಮೇಲೆ ತಾತ ಸರಿಯಾದ್ದು ಹೇಳಿಕೊಟ್ರಲ್ಲ. ಎತ್ತರದಲ್ಲಿರೋರು ಕೆಳಗಿರೋರನ್ನ ನೋಡೋದು. ಗಂಡಿನ ಕಡೆಯೋರು ನಮಗಿಂತ ಮೇಲಲ್ವಾ ಅತ್ತೆ?”

ಅತ್ತೆ ಪೆನ್ನಿನ ಹಿಂಭಾಗವನ್ನು ಹಲ್ಲಿಗೆ ತಾಗಿಸಿಕೊಂಡಳು. ಆವತ್ತು ತಾತ ಬರೆಸಿದ ಮೊದಲನೆಯ ಅರ್ಥ ಅವಳ ಕಿವಿಗೂ ಬಿದ್ದಿತ್ತು. ಉಳಿದ ನಾಲ್ಕು ಅರ್ಥ ಹೇಳುವಾಗ ಅವಳು ಒಲೆಯ ಮುಂದೆ ರವೆ ಹುರಿಯುತ್ತಿದ್ದಳು.

“ಹೌದು ಕಣೆ. ಅವರು ಮೇಲೇ. ಸರಿ ಇದೆ ಅಲ್ವಾ? ನೋಡು, ತಪ್ಪಾದ್ರೆ ನನ್ನ ಮರ್ಯಾದೆ ಹೋಗತ್ತೆ.”

“ಸರಿ ಇದೆ ಅತ್ತೆ.”

‘ಕೈಂಡ್ಲಿ ಕಮ್ ಆನ್ ಸಂಡೇ ಅಂಡ್ ಓವರ್‌ಲುಕ್ ಅವರ್ ಗರ್ಲ್.’ ಅತ್ತೆಯ ಅಕ್ಷರ ತುಂಬ ದುಂಡು. ಬೆಳಿಗ್ಗೆ ಅಪ್ಪ ಬಸ್ಸಿನ ಅವಸರದಲ್ಲಿ ನಿಂತುಕೊಂಡೇ ಸಹಿ ಹಾಕಿದರು.

ಹೆಣ್ಣು ನೋಡಲು ಬಂದಾಗ ಅತ್ತೆ ಹೇಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅಮ್ಮ ಆರು ಸಲದ ಅನುಭವದಿಂದ ಪಕ್ಕಾ ಮಾಡಿದ್ದಳು. ಅತಿಥಿಗಳ ಕುರ್ಚಿ ಜಗಲಿಯ ಬಾಗಿಲಿಗೆ ಬೆನ್ನು ಮಾಡಿ. ಅತ್ತೆ ನಡುಮನೆಯಿಂದ ಬಂದು ಬಲಮಗ್ಗುಲು ಕಾಣುವ ಹಾಗೆ ನಿಲ್ಲುವುದು. ಕಣ್ಣು ತಟ್ಟೆಯ ಮೇಲೆಯೇ ಇರಬೇಕು. ರೆಪ್ಪೆ ಕೆಳಗಿದ್ದರೆ ಮಾಲುಗಣ್ಣು ತಿಳಿಯುವುದಿಲ್ಲ, ನೋಡಿದವರು ನಾಚಿಕೆ ಅಂದುಕೊಳ್ಳುತ್ತಾರೆ. ಹತ್ತು ನಿಮಿಷ ಹಾಗೆ ನಿಂತು ಒಳಗೆ ಬಂದುಬಿಟ್ಟರೆ, ಉಳಿದದ್ದನ್ನು ಮಾತುಕತೆಯ ನಡುವೆ ಮೆಲ್ಲಗೆ ಹೇಳಿಕೊಳ್ಳಬಹುದು ಎಂಬುದು ಅಮ್ಮನ ಲೆಕ್ಕ.

ಭಾನುವಾರ ನಾಲ್ಕು ಗಂಟೆಗೆ ಅವರು ಬಂದರು. ಹುಡುಗ ಮತ್ತು ಅವನ ತಂದೆ, ಇಬ್ಬರೇ. ಹುಡುಗನಿಗೆ ತಲೆ ಮುಂದುಗಡೆ ಬೋಳಾಗಿತ್ತು, ಆದರೆ ಮುಖದಲ್ಲಿ ಮೆದುತನವಿತ್ತು. ಅತ್ತೆ ಕೇಸರಿಭಾತು, ಹೀರೇಕಾಯಿ ಬಜ್ಜಿ ಮಾಡಿದ್ದಳು. ಅವನು ಬಜ್ಜಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನನ್ನ ಭುಜ ಹಿಚುಕಿದಳು. ಎರಡನೆಯ ಸಲ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅತ್ತೆ ಕಾಫಿಯ ತಟ್ಟೆ ಹಿಡಿದು, ಹೇಳಿಕೊಟ್ಟ ಜಾಗದಲ್ಲಿ, ಕಣ್ಣು ಕೆಳಗೆ ಮಾಡಿ ನಿಂತಳು. ಹುಡುಗ ಅವಳನ್ನು ನೋಡಿದ. ನೋಡಿ, ಲೋಟ ತೆಗೆದುಕೊಳ್ಳುವಾಗ “ಬಜ್ಜಿ ಚೆನ್ನಾಗಿತ್ತು ರೀ” ಅಂದ. ಆ ಪದ ಯಾರ ಬಾಯಿಗೂ ಬಾರದಿರಲಿ ಎಂದು ಆಗ ಬೇಕಾದರೂ ನಾನು ದೇವರನ್ನು ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ, ಕಾಯುತ್ತಿದ್ದೆ.

ಹುಡುಗನ ತಂದೆ ಜೇಬಿನಿಂದ ಕಾಗದ ತೆಗೆದರು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮಂಥ ಇಂಗ್ಲಿಷ್ ವಿದ್ವಾಂಸರ ಮನೆಯಿಂದ ಬಂದ ಕಾಗದ, ನಾಲ್ಕು ಸಲ ಓದಿದೆ. ‘ಓವರ್‌ಲುಕ್ ಅವರ್ ಗರ್ಲ್’ ಅಂತಿದೆ. ಹುಡುಗೀನ ಕಂಡೂ ಕಾಣದ ಹಾಗೆ ಬಿಟ್ಬಿಡಿ ಅಂತಾನಾ? ಹಾಗಾದ್ರೆ ಬಸ್ ಹತ್ತಿ ಯಾಕೆ ಬರಬೇಕಿತ್ತು ನಾವು?”

ಗಂಡಸರ ನಗು ಹಾಲಿನಿಂದ ನಡುಮನೆಯ ತನಕ ಬಂತು. ಅತ್ತೆ ಮುಖ ಎತ್ತಿದಳು. ಎತ್ತಬಾರದಿತ್ತು. ಬಾಗಿಲಿನ ಬೆಳಕು ನೇರ ಅವಳ ಮುಖಕ್ಕೆ ಬಿತ್ತು. ಹುಡುಗನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಯಾರು ಬರೆದದ್ದು ಇದು?” ತಾತ ಕೇಳಿದರು.

ಅಪ್ಪ ಅತ್ತೆಯ ಕಡೆ ನೋಡಿದರು. ನಾನು ಅಮ್ಮನ ಸೀರೆಯ ಹಿಂದೆ ಸರಿದೆ.

“ನಾನೇ ಅಪ್ಪಾ,” ಅತ್ತೆ ಅಂದಳು. “ಪದಾನೂ ನನ್ನದೇ.”

ತಾತ ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಅಣ್ಣನಿಂದ ವ್ಯಾಸಪೀಠ ತರಿಸಿದರು. ಹೊರಗಿನವರೆದುರು ನಿಘಂಟಿನ ರೇಷ್ಮೆ ಬಿಚ್ಚಿದ್ದು ಅದೊಂದೇ ಸಲ. ಒಂದೊಂದೇ ಅರ್ಥವನ್ನು ಬೆರಳಿಟ್ಟು ಓದಿದರು. ಒಂದೊಂದಕ್ಕೂ ಹುಡುಗನ ತಂದೆ ತಲೆಯಾಡಿಸಿದರು. ಬಿಟ್ಟುಹೋಗುವುದು ಎಂಬಲ್ಲಿಗೆ ಬಂದಾಗ ಇಬ್ಬರೂ ಮತ್ತೆ ನಕ್ಕರು. ಅತ್ತೆ ತಟ್ಟೆ ಹಿಡಿದು ನಿಂತೇ ಇದ್ದಳು, ಹೋಗು ಎಂದು ಯಾರೂ ಹೇಳಿರಲಿಲ್ಲ. ಮೊದಲನೆಯ ಅರ್ಥ ಮುಗಿದ ಮೇಲೆ ತಾತನ ಬೆರಳು ಒಂದು ಕಡೆ ನಿಂತು, ಎರಡು ಸಾಲು ಹಾರಿ, ಕೆಳಗಿಳಿದದ್ದನ್ನು, ಅಷ್ಟರಲ್ಲಿ ಹಾಲಿನ ಬಾಗಿಲಿಗೆ ಬಂದಿದ್ದ ನಾನು ನೋಡಿದೆ. ಯಾಕೆಂದು ಆಗ ತಿಳಿಯಲಿಲ್ಲ. ಹೊರಡುವಾಗ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹುಡುಗನ ತಂದೆ ಅಂದರು:

“ಬರ್ತೀವಿ ಮೇಷ್ಟ್ರೇ. ನೀವು ಬರೆದ ಹಾಗೇ ಮಾಡ್ತೀವಿ.”

ತಾತ ಅದಕ್ಕೂ ನಕ್ಕರು.

ಯಾರಾದರೂ ನೋಡಿ ಹೋದ ಮೇಲೆ ಅಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅತ್ತೆಗೆ ದೃಷ್ಟಿ ತೆಗೆಯುತ್ತಿದ್ದಳು. ಆ ಸಂಜೆ ಅತ್ತೆ ತಾನಾಗಿಯೇ ಬಚ್ಚಲ ಬಾಗಿಲಲ್ಲಿ, ಪೂರ್ವಕ್ಕೆ ಮುಖ ಮಾಡಿ ಕೂತಳು. ಅಮ್ಮ ಪಾತ್ರೆ ಜೋಡಿಸುತ್ತಿದ್ದಳು.

“ಇವತ್ತು ಬೇಡ ಬಿಡು ವಿಶಾಲು,” ಅಂದಳು. “ನೋಡಿದೋರಾದ್ರೂ ಯಾರಿದಾರೆ?”

ಮರುದಿನ ತಾತ ಪಿಂಚಣಿಗೆಂದು ಬ್ಯಾಂಕಿಗೆ ಹೋದರು. ಅತ್ತೆ ಕೈ ಕಾಲು ಕೂಡ ತೊಳೆಯದೆ ನಿಘಂಟು ಬಿಚ್ಚಿದಳು. ನಾನು ಹಿಂದೆ ನಿಂತಿದ್ದೆ. ಬಲಗಣ್ಣನ್ನು ಹಾಳೆಗೆ ಹತ್ತಿರ ಮಾಡಿ, ಬೆರಳಿಟ್ಟು ಓದುತ್ತ ಹೋದವಳು ಎರಡನೆಯ ಅರ್ಥದಲ್ಲಿ ನಿಂತಳು. ಪೂರ್ತಿಯಾಗಿ ನೋಡುವುದು, ಪರೀಕ್ಷಿಸಿ ನೋಡುವುದು. ಹಳೆಯ ಬಳಕೆ ಎಂದಿತ್ತು, ಆದರೆ ಇತ್ತು. ಅದರ ಪಕ್ಕದಲ್ಲಿ ತಾತನ ಸೀಸದ ಕಡ್ಡಿಯ ಸಣ್ಣ ಗುರುತೂ ಇತ್ತು. ಓದಿ ಮನನ ಮಾಡಿದ ಅರ್ಥಗಳಿಗೆ ಅವರು ಹಾಗೆ ಗುರುತು ಹಾಕುತ್ತಿದ್ದರು. ಉಳಿದ ಐದಕ್ಕೂ ಅಂಥದೇ ಗುರುತುಗಳಿದ್ದವು.

“ನೋಡೇ ನಳಿನಿ. ನೀನು ಮೊದಲು ಹೇಳಿದ್ದೇ ಸರಿ. ಕಾಗದದಲ್ಲಿ ಬರೆಸಿದ್ದೂ ಸರಿ. ನಿಂದೇನೂ ತಪ್ಪಿಲ್ಲ ಕಣೆ. ಅಪ್ಪ ಬಿಟ್ಟು ಓದಿದ್ದು.”

ಅವಳು ನನ್ನನ್ನು ತಬ್ಬಿಕೊಂಡಳು. ಸೀರೆಗೆ ನಿನ್ನೆಯ ಕರಿದ ಎಣ್ಣೆಯ ವಾಸನೆ ಇತ್ತು. ಕೆಡಿಸಬೇಕೆಂದು ಕೊಟ್ಟ ಪದ ನನಗೆ ಗೊತ್ತಿಲ್ಲದೆಯೇ ಸರಿಯಾಗಿಬಿಟ್ಟಿತ್ತು. ಬಾಯಿಬಿಟ್ಟು ಹೇಳಿದರೆ ತಬ್ಬಿಕೊಂಡ ಕೈ ಸಡಿಲವಾಗುತ್ತದೆ. ಸುಮ್ಮನಿದ್ದೆ. ಅತ್ತೆ ಪುಸ್ತಕವನ್ನು ಮೊದಲಿದ್ದ ಹಾಗೆಯೇ ರೇಷ್ಮೆಯಲ್ಲಿ ಸುತ್ತಿಟ್ಟಳು. ಎಂಟನೆಯ ಸಂಬಂಧ ಬರಲಿಲ್ಲ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ತಾತನಿಗೆ ಕಣ್ಣಿನ ನರ ಒಣಗುವ ಕಾಯಿಲೆ ಬಂದು ಎರಡು ಕಣ್ಣೂ ಹೋದವು. ಬೆಳಗಿನ ಪದಪಾಠದ ಜಾಗದಲ್ಲಿ ಅತ್ತೆ ಪೇಪರ್ ಓದಿ ಹೇಳುವುದು ಶುರುವಾಯಿತು. ಅದೇ ಮಣೆ, ಅದೇ ಚೌಕ ಬೆಳಕು. ಓದುವುದು ಸ್ಪಷ್ಟವಾಗಿತ್ತು, ದನಿಯಲ್ಲಿ ಕೋಪವಿರಲಿಲ್ಲ. ತಾತನಿಗೆ ಯಾವುದು ಬೇಕೋ ಅದನ್ನು ಮಾತ್ರ ಬಿಟ್ಟು ಓದುತ್ತಿದ್ದಳು. ಅವರು ಕಾಯುತ್ತಿದ್ದ ಪಿಂಚಣಿಯ ಸುದ್ದಿ ಓದಲಿಲ್ಲ. ಅವರ ಜೊತೆ ಮೂವತ್ತು ವರ್ಷ ಪಾಠ ಮಾಡಿದ್ದ ಗೆಳೆಯರ ನಿಧನದ ಸುದ್ದಿ ಫೋಟೋ ಸಮೇತ ಬಂದಿತ್ತು. ಅದರ ಮೇಲಿನದನ್ನೂ ಓದಿದಳು, ಕೆಳಗಿನದನ್ನೂ ಓದಿದಳು. ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ ಯಾರೋ ಬಂದು ಹೇಳಿದರು. ತಾತ ಗೋಡೆಗೆ ಒರಗಿ ಕೂತು ಕೇಳಿದರು.

“ಪೇಪರಲ್ಲಿ ಬಂದಿತ್ತಂತಲ್ಲ ವಿಶಾಲು.”

“ಬಂದಿತ್ತೇನೋ ಅಪ್ಪಾ. ಕಣ್ತಪ್ಪಿ ಹೋಗಿರಬೇಕು. ನನ್ನ ಕಣ್ಣು ಎಂಥದು ಅಂತ ನಿಮಗೆ ಗೊತ್ತಲ್ಲ.”

ತಾತ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಡುಗೆಮನೆಗೆ ಬಂದ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

“ನಿನ್ನ ಪಾಲಿಂದೂ ಸೇರಿಸಿ ಬಿಟ್ಟೆ ಕಣೆ. ನಿನ್ನ ಹೆಸರೂ ತಿಂದಿದ್ರಲ್ಲ.”

ಆಗಲೂ ಸುಮ್ಮನಿದ್ದೆ. ಸಾಯುವ ತನಕ ತಾತ ಅವಳು ಓದಿದ ಪೇಪರನ್ನೇ ಕೇಳಿದರು, ಬೇರೆ ಓದುವವರು ಇರಲಿಲ್ಲ.

ನನ್ನ ಮದುವೆಯಾಯಿತು, ಇವರು ಹೋದ ಮೇಲೆ ಅತ್ತೆಯನ್ನು ನನ್ನ ಮನೆಗೇ ಕರೆದುಕೊಂಡು ಬಂದೆ. ತಾತನ ಕಾಯಿಲೆ ಅವಳಿಗೂ ಇಳಿದಿದೆ. ಹೋಗುತ್ತಿರುವುದು ಒಳ್ಳೆಯ ಕಣ್ಣು, ಬಲಗಡೆಯದು. ಎಲ್ಲರೂ ನಗುತ್ತಿದ್ದ ಎಡಗಣ್ಣಿಗೆ ಇನ್ನೂ ನೆರಳು, ಬೆಳಕು ತಿಳಿಯುತ್ತದೆ. ಇವತ್ತು ಪೇಪರ್ ಮುಗಿದ ಮೇಲೆ ಅತ್ತೆ ಮೊನ್ನೆ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ಓದಿಸಿದಳು. ಓದಿದೆ.

“ಇಷ್ಟೇನಾ?”

“ಇಷ್ಟೇ ಅತ್ತೆ.”

“ಬಿಟ್ಟಿರೋ ಸಾಲನ್ನೂ ಓದು ನಳಿನಿ. ಬಿಟ್ಟು ಓದೋದು ಕಿವಿಗೆ ತಿಳಿಯತ್ತೆ. ಎಂಟು ವರ್ಷ ಆ ಕೆಲಸ ಮಾಡಿದೋಳು ನಾನು.”

ಓದಿದೆ. ಬಲಗಣ್ಣಿಗೆ ಇನ್ನು ದೃಷ್ಟಿ ಬರುವ ಸಂಭವವಿಲ್ಲ, ಹನಿ ಉರಿ ಕಡಿಮೆಯಾಗಲು ಮಾತ್ರ. ಅತ್ತೆ ಹೂಂ ಅಂದಳು. ಬಾಯಿ ತೆರೆದದ್ದೇ ಆಗಿತ್ತು, ಇನ್ನೊಂದನ್ನೂ ಹೇಳಿಬಿಟ್ಟೆ. ಪದದ ಐದು ಅರ್ಥವೂ ನನಗೆ ಬಾಯಿಪಾಠವಾಗಿತ್ತೆಂದು, ಗಂಡಿನ ಕಡೆಯವರು ನಗಲಿ ಎಂದೇ ಅದನ್ನು ಕೊಟ್ಟೆನೆಂದು, ಉಪ್ಪಿಟ್ಟಿನ ದಿನ ಅವಳು ನಕ್ಕದ್ದಕ್ಕೆಂದು.

ಅತ್ತೆ ಮಂಚದ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಕುಕ್ಕರ್ ಕೂಗಿತು. ಎದ್ದು ಆರಿಸಿ ಬಂದೆ.

“ಅಪ್ಪ ಅತ್ತರಲ್ಲ ಅವತ್ತು. ನೀನು ಅಲ್ಲೇ ಇದ್ದೆ.”

“ಇದ್ದೆ.”

“ನಿನ್ನ ಪಾಲಿಂದೂ ಅಂದಿದ್ದೆ ನಾನು.”

“ಹೌದು ಅತ್ತೆ.”

ಅವಳು ನೆಟ್ಟಗೆ ಕೂತಳು. ಆಮೇಲೆ ಬಂದದ್ದು ತಾತನ ದನಿ. ಅವಳ ಗಂಟಲಿನಿಂದ, ಆದರೆ ಅದೇ ದನಿ.

“ಅರ್ಥ ಎಷ್ಟು?”

“ಆರು.”

“ಹೇಳು. ವಾಕ್ಯದಲ್ಲಿ.”

ಐವತ್ತಾರು ವರ್ಷದ ನಾನು ಮಂಚದ ಎದುರು ಕೈಕಟ್ಟಿ ನಿಂತು ಹೇಳಿದೆ. ಒಂದು: ನಮ್ಮ ಬಾಲ್ಕನಿ ಪಾರ್ಕನ್ನು ಮೇಲಿನಿಂದ ನೋಡುತ್ತದೆ. ಎರಡು: ಅವರು ಬಂದು ಹುಡುಗಿಯನ್ನು ಪೂರ್ತಿ ನೋಡಿದರು. ಮೂರು: ತಾತ ಮನೆಯವರೆಲ್ಲರ ಮೇಲ್ವಿಚಾರಣೆ ಮಾಡುತ್ತಿದ್ದರು. ನಾಲ್ಕು: ಪೇಪರಿನಲ್ಲಿ ಒಂದು ಸುದ್ದಿ ಕಣ್ತಪ್ಪಿ ಬಿಟ್ಟುಹೋಯಿತು.

“ಐದು. ಅತ್ತೆ, ನೀನು ನನ್ನ ತಪ್ಪನ್ನ...”

“ಅದು ಬಿಡು,” ಅತ್ತೆ ಅಂದಳು. “ಮುಂದಿನದಕ್ಕೆ ಹೋಗು.”

“ಆರು. ಹನ್ನೊಂದು ವರ್ಷದ ಹುಡುಗಿಯ ಕಣ್ಣು ಒಬ್ಬಳಿಗೆ ತಗುಲಿತು.”

“ಸರಿ. ತಟ್ಟೆ ಹಾಕು.”

ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ, ಅದರ ಸಿಪ್ಪೆಯ ಚಟ್ನಿ, ಮಜ್ಜಿಗೆ. ಯಾವುದು ತಟ್ಟೆಯ ಯಾವ ಕಡೆ ಇದೆ ಎಂದು ದಿನಾ ನಾನು ಹೇಳುತ್ತೇನೆ. ಇವತ್ತು ಅವಳು ಕೈ ಅಡ್ಡ ಮಾಡಿದಳು, ತಾನೇ ಬೆರಳಾಡಿಸಿ ಹುಡುಕಿಕೊಂಡು ತಿಂದಳು. ಮಜ್ಜಿಗೆಯ ಲೋಟ ಉರುಳಿತು, ಒರೆಸಿದೆ. ಚಟ್ನಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುವುದು ಅವಳ ರೂಢಿ, ಹಾಕಿಸಿಕೊಳ್ಳಲಿಲ್ಲ. ಕೈತೊಳೆದು ಮಲಗುವಾಗ, ಎರಡು ಗಂಟೆಯ ಹನಿಗೆ ಎಬ್ಬಿಸುತ್ತೇನೆ ಅಂದೆ. “ಎಬ್ಬಿಸು ಓವರ್‌ಲುಕ್ಕಮ್ಮ” ಅಂದಳು. ಐದು ನಿಮಿಷವೂ ಆಗಲಿಲ್ಲ, ನಿದ್ದೆ ಹೋದಳು. ಬಲಗಣ್ಣು ಪೂರ್ತಿ ಮುಚ್ಚಿತ್ತು. ಎಡಗಣ್ಣು ನಿದ್ದೆಯಲ್ಲೂ ಒಂದು ಎಳೆಯಷ್ಟು ತೆರೆದೇ ಇರುತ್ತದೆ. ನಾನು ಹನಿಯ ಬಾಟಲಿ ಹಿಡಿದು ಕೂತಿದ್ದ ಕಡೆಗೇ ಅದು ನೋಡುತ್ತಿತ್ತು.